ಉದ್ದ, ಸುತ್ತಳತೆ ಮತ್ತು ನನ್ನ ಸಿಟ್ಟು

ಮೀನನ್ನು ತಕ್ಕಡಿಗೆ ಹಾಕದೆ ತೂಕ ಹೇಳುವವಳು ಅಂತ ಒಮ್ಮೆ ಹೆಸರು ಬಿದ್ದರೆ ಸಾಕು, ಆಮೇಲೆ ಇಂಥವು ನಡೆಯುತ್ತಲೇ ಇರುತ್ತವೆ. ಹೇಳಿದರೆ ಕೇಳಿದವರು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ನಗಲಿ ಪಾಪ. ಆಗ ನನಗೆ ಮಾತ್ರ ನಗು ಬಂದಿರಲಿಲ್ಲ, ಮೈಯೆಲ್ಲ ಉರಿಯುತ್ತಿತ್ತು. ಈಗಲೂ ಅರ್ಧ ನಗು, ಅರ್ಧ ಉರಿ.

ನಾನು ಮೈಸೂರಿನವಳು. ಕರಾವಳಿಯಲ್ಲಿ ಮೀನುಗಾರಿಕೆ ಓದಿ, ಡಾಕ್ಟರೇಟ್ ಮಾಡಲೆಂದು ಜಪಾನಿಗೆ ಬಂದೆ. ವಿಶ್ವವಿದ್ಯಾಲಯದ ಹೆಸರು ಬೇಡ. ಅದರ ಸಂಶೋಧನಾ ಕೇಂದ್ರ ಒಸಾಕಾದಿಂದ ಮೂರು ಗಂಟೆ ದೂರದ ಸಣ್ಣ ಬಂದರೊಂದರಲ್ಲಿತ್ತು. ಅಲ್ಲಿ ಸಮುದ್ರದೊಳಗೇ ಬಲೆಯ ಪಂಜರ ಕಟ್ಟಿ ಬುರಿ ಎಂಬ ಮೀನು ಸಾಕುತ್ತಾರೆ. ಮೇವು ಎಷ್ಟು ಹಾಕಬೇಕೆಂದು ತಿಳಿಯಲು ಮೀನಿನ ತೂಕ ಗೊತ್ತಿರಬೇಕು. ದೋಣಿಯಲ್ಲಿ ತಕ್ಕಡಿ ನಿಲ್ಲುವುದಿಲ್ಲ. ಅಲೆ ಎದ್ದಾಗ ಆರು ಕಿಲೋ ಇದ್ದ ಮೀನು ಅಲೆ ಇಳಿದಾಗ ಮೂರು ಕಿಲೋ ಆಗುತ್ತದೆ. ಅದಕ್ಕೇ ಟೇಪು. ಮೀನಿನ ಹೊಟ್ಟೆಯ ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಇನ್ನೊಮ್ಮೆ ಗುಣಿಸಿ, ಒಂದು ಸಂಖ್ಯೆಯಿಂದ ಭಾಗಿಸಿದರೆ ತೂಕ ಸಿಗುತ್ತದೆ. ಆ ಒಂದು ಸಂಖ್ಯೆ ಯಾವುದು ಅಂತ ಹುಡುಕುವುದೇ ನನ್ನ ಥೀಸಿಸ್. ಅಮ್ಮನಿಗೆ ಇದನ್ನು ವಿವರಿಸಿದಾಗ ಅವಳು, "ನಾಲ್ಕು ವರ್ಷಕ್ಕೆ ಒಂದೇ ನಂಬರಾ?" ಅಂದಳು.

ಆ ಒಂದು ನಂಬರಿಗೆ ಮುನ್ನೂರು ಮೀನು ಬೇಕಿತ್ತು. ಪ್ರತಿಯೊಂದನ್ನೂ ದೋಣಿಯಲ್ಲಿ ಅಳೆದು, ದಡಕ್ಕೆ ತಂದು ತೂಗಿ, ಜೀವ ಇರುವಾಗಲೇ ವಾಪಸ್ ಬಿಡಬೇಕು. ನನ್ನ ಕೊನೆಯ ವರ್ಷಕ್ಕೆ ಸರಿಯಾಗಿ ಕೊರೊನಾ ಬಂತು. ಮುಂದಿನ ಮಾರ್ಚ್ ಕೊನೆಗೆ ವೀಸಾ ಮುಗಿಯುತ್ತಿತ್ತು. ಅಷ್ಟರಲ್ಲಿ ಡಾಕ್ಟರೇಟ್ ಆಗದೆ ಊರಿಗೆ ಹೋದರೆ, ಬಾಗಿಲು ಮುಚ್ಚಿಕೊಂಡು ಕೂತಿದ್ದ ಈ ದೇಶ ನನ್ನನ್ನು ಮತ್ತೆ ಒಳಗೆ ಬಿಡುತ್ತಿರಲಿಲ್ಲ. ನಾಲ್ಕು ವರ್ಷ ಅಕ್ಷರಶಃ ನೀರಿನಲ್ಲಿ ಮಾಡಿದ ಹೋಮವಾಗುತ್ತಿತ್ತು. ಇಷ್ಟು ತಲೆಯಲ್ಲಿಟ್ಟುಕೊಂಡರೆ ನನಗೇಕೆ ಅಷ್ಟು ಸಿಟ್ಟು ಬರುತ್ತಿತ್ತು ಅಂತ ಮತ್ತೆ ಮತ್ತೆ ಹೇಳಬೇಕಾಗಿಲ್ಲ.

ಇನ್ನೊಂದು ವಿಷಯ. ಜಪಾನಿನಲ್ಲಿ ಜಗಳ ಆಡುವುದು ಬಹಳ ಕಷ್ಟ. ನಾವು ಬಾಯಿ ತೆರೆಯುವ ಮೊದಲೇ ಎದುರಿನವರು ಬಗ್ಗಿ ಸುಮಿಮಾಸೆನ್, ಅಂದರೆ ಕ್ಷಮಿಸಿ, ಅಂದುಬಿಡುತ್ತಾರೆ. ಬಗ್ಗಿದವರ ತಲೆಯ ಮೇಲೆ ಕೂಗಾಡುವುದು ಹೇಗೆ? ಆ ಸಿಟ್ಟನ್ನೆಲ್ಲ ಹಾಗೇ ನುಂಗಿಕೊಂಡು ಮನೆಗೆ ಬಂದು, ಟೋಕಿಯೋದ ಫುನಾಬೊರಿಯಲ್ಲಿರುವ ನನ್ನ ಸ್ನೇಹಿತೆಗೆ ಫೋನ್ ಮಾಡಿ ಕನ್ನಡದಲ್ಲಿ ಕಾರುತ್ತಿದ್ದೆ.

೧. ಎರಡು ಮೀಟರ್

ಮೀನು ಅಳೆಯಲು ಇಬ್ಬರು ಬೇಕು. ಮಂಪರು ಬರಿಸಿದ ಮೀನನ್ನು ಒಬ್ಬರು ಅಳತೆಯ ಹಲಗೆಯ ಮೇಲೆ ಹಿಡಿಯಬೇಕು, ಇನ್ನೊಬ್ಬರು ಉದ್ದ ಓದಿ, ಹೊಟ್ಟೆಗೆ ಟೇಪು ಸುತ್ತಬೇಕು. ಎಲ್ಲ ಅರ್ಧ ನಿಮಿಷದಲ್ಲಿ ಮುಗಿಯಬೇಕು, ಇಲ್ಲದಿದ್ದರೆ ಮೀನು ಎಚ್ಚರಗೊಂಡು ಕೆನ್ನೆಗೆ ಬಾಲದಿಂದ ಬಾರಿಸುತ್ತದೆ. ಹಿಡಿಯುವವರು ನಮ್ಮ ಕೇಂದ್ರದ ತಂತ್ರಜ್ಞ, ಐವತ್ತು ದಾಟಿದ ಮೌನಿ. ಟೇಪು ಸುತ್ತುವವಳು ನಾನು.

ಜೂನ್ ತಿಂಗಳಲ್ಲಿ ಕೇಂದ್ರ ಮತ್ತೆ ತೆರೆಯಿತು. ಮೊದಲ ದಿನವೇ ಸುರಕ್ಷತಾ ಅಧಿಕಾರಿ ಬಂದರು. ಕೈಯಲ್ಲಿ ಫೈಲು, ಮುಖಕ್ಕೆ ಮಾಸ್ಕು, ಅದರ ಮೇಲೆ ಪ್ಲಾಸ್ಟಿಕ್ ಪರದೆ. ನಾವು ಕೆಲಸ ಮಾಡುವುದನ್ನು ದೂರದಿಂದ ನೋಡಿ, ಬಗ್ಗಿ, ಸುಮಿಮಾಸೆನ್ ಹೇಳಿ, ಇಬ್ಬರ ನಡುವೆ ಎರಡು ಮೀಟರ್ ಇರಬೇಕೆಂಬ ನಿಯಮವನ್ನು ಓದಿದರು.

"ಮೀನು ಒಂದೇ ಇದೆ," ಅಂದೆ. "ಅದರ ತಲೆ ಅವರ ಕೈಯಲ್ಲಿದ್ದರೆ ಹೊಟ್ಟೆ ನನ್ನ ಕೈಯಲ್ಲಿರಲೇಬೇಕು."

ಅವರು ಯೋಚಿಸಿದರು. ಮರುದಿನ ಒಂದು ಅಕ್ರಿಲಿಕ್ ಹಾಳೆ ಬಂತು, ಮಧ್ಯೆ ಮೀನು ತೂರುವಷ್ಟು ಕಿಂಡಿ. ಈಚೆ ನಾನು, ಆಚೆ ತಂತ್ರಜ್ಞ, ನಡುವೆ ಕಿಂಡಿಯಲ್ಲಿ ಸಿಕ್ಕಿಕೊಂಡ ಬುರಿ. ಮೀನಿಗೆ ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಟೇಪು ಸುತ್ತಲು ಹೋದರೆ ಸುತ್ತಳತೆಗೆ ಅಕ್ರಿಲಿಕ್ಕೂ ಸೇರುತ್ತಿತ್ತು. ಆ ದಿನ ಒಂದು ಮೀನೂ ಆಗಲಿಲ್ಲ. ನನ್ನ ಕನ್ನಡಕ ಮಾಸ್ಕಿನ ಉಸಿರಿಗೆ ಮಂಜಾಗಿತ್ತು, ಟೇಪಿನ ಮೇಲಿನ ಅಂಕಿ ಕಾಣುತ್ತಿರಲಿಲ್ಲ. ಕಿಂಡಿಯಲ್ಲಿ ತಲೆ ತೂರಿಸಿ ಬೈಯ್ಯಬೇಕು ಅನ್ನಿಸಿತು, ಆದರೆ ಅದು ನಿಯಮದ ಉಲ್ಲಂಘನೆ.

ಮೂರನೆಯ ದಿನ ಅಧಿಕಾರಿ ಮತ್ತೆ ಬಂದರು. ಹಲಗೆಯ ಮೇಲಿದ್ದ ಮೀನನ್ನು ನೋಡಿ, "ಇದರ ಉದ್ದ ಎಷ್ಟು?" ಅಂತ ವಿನಯದಿಂದ ಕೇಳಿದರು.

"ಅರವತ್ತೆರಡು ಸೆಂಟಿಮೀಟರ್."

"ಒಬ್ಬರು ತಲೆಯ ಕಡೆ, ಒಬ್ಬರು ಬಾಲದ ಕಡೆ ನಿಂತರೂ ಅರವತ್ತೆರಡೇ." ಫೈಲಿನಲ್ಲಿ ಬರೆದುಕೊಂಡರು. "ಇದಕ್ಕಿಂತ ಉದ್ದದ ಮೀನು ಇಲ್ಲವೇ?"

ಹಲ್ಲು ಕಚ್ಚಿಕೊಂಡು ಹೇಳಿದೆ, "ಇದೆ. ಟ್ಯೂನಾ. ಎರಡೂವರೆ ಮೀಟರ್ ಬೆಳೆಯುತ್ತದೆ."

ಅವರ ಮುಖ ಅರಳಿತು. ಅದನ್ನೂ ಬರೆದುಕೊಂಡರು. ಎರಡು ವಾರದ ನಂತರ ಮುಖ್ಯ ಕಚೇರಿಯಿಂದ ನನಗೆ ಕಾಗದ ಬಂತು: ಸೋಂಕು ತಡೆಯುವ ದೃಷ್ಟಿಯಿಂದ ನೀವು ಮಾಡಿದ ಸಲಹೆ ಸ್ವಾಗತಾರ್ಹ, ಟ್ಯೂನಾಗೆ ಬದಲಾಯಿಸಲು ಅರ್ಜಿ ನಮೂನೆ ಲಗತ್ತಿಸಿದೆ.

೨. ಹೆಸರಿನ ತಕರಾರು

ಕೊನೆಗೆ ನನ್ನ ಗೈಡ್, ಅಂದರೆ ಸೆನ್ಸೇ, ಯಾರ ಯಾರಿಗೋ ಬಗ್ಗಿ ಬಗ್ಗಿ, ಅರ್ಧ ನಿಮಿಷದ ಮಟ್ಟಿಗೆ ನಾವಿಬ್ಬರು ಹತ್ತಿರ ನಿಲ್ಲಬಹುದೆಂದು ಅನುಮತಿ ತಂದರು. ಜುಲೈ ಹೊತ್ತಿಗೆ ಐವತ್ತೆಂಟು ಮೀನಾಗಿತ್ತು. ಆಗ ಕಚೇರಿಯಿಂದ ಇಮೇಲ್ ಬಂತು, ಪ್ರಯೋಗವನ್ನು ತಕ್ಷಣ ನಿಲ್ಲಿಸಿ ಅಂತ.

ನಡೆದದ್ದು ಇಷ್ಟು. ನನ್ನ ಅನುಮತಿ ಪತ್ರದಲ್ಲಿ ಮೀನಿನ ಹೆಸರು ಬುರಿ. ಪಂಜರದ ಮಾಲೀಕರು ಎಂಬತ್ತು ಸಮೀಪದ ಅಜ್ಜ. ಎಲ್ಲರೂ ಅವರನ್ನು ಓಜೀಸಾನ್, ಅಂದರೆ ಅಜ್ಜ ಎಂದೇ ಕರೆಯುತ್ತಿದ್ದರು. ಪಂಜರದಲ್ಲಿ ಏನಿದೆ ಅಂತ ಅವರು ತಿಂಗಳಿಗೊಮ್ಮೆ ವರದಿ ಕೊಡಬೇಕು. ಅವರು ಪ್ರಾಮಾಣಿಕವಾಗಿ ಬರೆದಿದ್ದರು: ನನ್ನ ಪಂಜರದಲ್ಲಿ ಬುರಿ ಒಂದೂ ಇಲ್ಲ, ಹಮಾಚಿ ಇದೆ.

ವಿಷಯವೇನೆಂದರೆ ಈ ಮೀನು ಬೆಳೆದಂತೆಲ್ಲ ಅದರ ಹೆಸರು ಬದಲಾಗುತ್ತದೆ. ಮರಿಯಾಗಿದ್ದಾಗ ತ್ಸುಬಾಸು. ಮೊಳಕಾಲುದ್ದ ಆದಾಗ ಹಮಾಚಿ. ಇನ್ನೂ ಬೆಳೆದರೆ ಮೆಜಿರೋ. ಎಂಬತ್ತು ಸೆಂಟಿಮೀಟರ್ ದಾಟಿದ ಮೇಲೇ ಬುರಿ. ಬಡ್ತಿ ಪಡೆಯುವ ಮೀನು ಅಂತ ಇದಕ್ಕೆ ಜಪಾನಿನಲ್ಲಿ ದೊಡ್ಡ ಗೌರವ, ಶುಭ ಸಮಾರಂಭಕ್ಕೆ ಇದೇ ಬೇಕು. ಪುಸ್ತಕದಲ್ಲಿ ಮಾತ್ರ ಎಲ್ಲಕ್ಕೂ ಬುರಿ ಅಂತ ಒಂದೇ ಹೆಸರು. ನಾನು ಪುಸ್ತಕದ ಹೆಸರು ಬರೆದಿದ್ದೆ, ಅಜ್ಜ ಬಂದರಿನ ಹೆಸರು ಬರೆದಿದ್ದರು.

ಕಚೇರಿಯ ಗುಮಾಸ್ತೆಗೆ ಫೋನ್ ಮಾಡಿದೆ. "ಎರಡೂ ಒಂದೇ ಮೀನು," ಅಂದೆ.

"ಅರ್ಥವಾಯಿತು. ಸುಮಿಮಾಸೆನ್. ಹಾಗಾದರೆ ಯಾವ ದಿನಾಂಕದಂದು ಅದರ ಹೆಸರು ಬದಲಾಗುತ್ತದೆ?"

"ದಿನಾಂಕ ಇಲ್ಲ. ಬೆಳೆದಾಗ ಬದಲಾಗುತ್ತದೆ."

"ಎಲ್ಲವೂ ಒಂದೇ ದಿನ ಬೆಳೆಯುತ್ತವೆಯೇ?"

ಬೆಂಗಳೂರಿನ ಯಾವುದಾದರೂ ಕಚೇರಿಯಾಗಿದ್ದರೆ ಇಷ್ಟು ಹೊತ್ತಿಗೆ ಮೇಜು ಗುದ್ದಿರುತ್ತಿದ್ದೆ. ಇಲ್ಲಿ ಆಕೆ ಪ್ರತಿ ಪ್ರಶ್ನೆಗೂ ಮೊದಲು ಕ್ಷಮೆ ಕೇಳುತ್ತಿದ್ದಳು. ಅಜ್ಜನ ಹತ್ತಿರ ಹೋಗಿ, ದಯವಿಟ್ಟು ವರದಿಯಲ್ಲಿ ಬುರಿ ಅಂತ ಬರೆಯಿರಿ ಅಂದೆ. ಅವರು ನನ್ನನ್ನು ಇಂದೋ-ಸಾನ್ ಅನ್ನುತ್ತಿದ್ದರು, ಇಂಡಿಯಾದವಳು ಅಂತ. ನಾಲ್ಕು ವರ್ಷದಲ್ಲಿ ನನ್ನ ಹೆಸರು ಅವರ ನಾಲಿಗೆಗೆ ಹತ್ತಲೇ ಇಲ್ಲ.

"ಇಂದೋ-ಸಾನ್, ಹೈಸ್ಕೂಲು ಹುಡುಗನ್ನ ಕಲೆಕ್ಟರು ಅಂತ ಕರೆದರೆ ಆಗುತ್ತೇನಮ್ಮಾ? ಅದು ಇನ್ನೂ ದುಡಿದು ಆ ಹೆಸರು ಸಂಪಾದಿಸಬೇಕು," ಅಂದರು.

ಹದಿನಾರು ದಿನ ಕೆಲಸ ನಿಂತಿತು. ಹದಿನೇಳನೆಯ ದಿನ ತಿದ್ದಿದ ಅನುಮತಿ ಬಂತು. ಅದರಲ್ಲಿ ಮೀನಿನ ಹೆಸರಿನ ಜಾಗದಲ್ಲಿ ಹೀಗೆ ಬರೆದಿತ್ತು: ಸದ್ಯಕ್ಕೆ ಹಮಾಚಿ, ಮುಂದೆ ಬುರಿ ಆಗುವ ನಿರೀಕ್ಷೆಯಿದೆ.

೩. ಮೂವತ್ತೇಳೂವರೆ

ಕೇಂದ್ರದ ಗೇಟಿನಲ್ಲಿ ಕಾವಲಿನವರು ಹಣೆಗೆ ಯಂತ್ರ ಹಿಡಿದು ಜ್ವರ ನೋಡುತ್ತಿದ್ದರು. ಮೂವತ್ತೇಳೂವರೆ ಡಿಗ್ರಿ ಬಂದರೆ ವಾಪಸ್ ಮನೆಗೆ. ನಾನು ಬೆಳಗ್ಗೆ ಕೊಂಬಿನಿ ಅನ್ನುವ ಸಣ್ಣ ಅಂಗಡಿಯಲ್ಲಿ ಅನ್ನದುಂಡೆ ಕೊಂಡು, ಸೈಕಲ್ ತುಳಿದುಕೊಂಡು ದಿಣ್ಣೆ ಹತ್ತಿ ಬರುತ್ತಿದ್ದೆ. ಆಗಸ್ಟಿನ ಸೆಕೆ. ಅದರ ಮೇಲೆ ದಾರಿಯುದ್ದಕ್ಕೂ ಹಿಂದಿನ ದಿನದ ಸಿಟ್ಟನ್ನು ನೆನೆಸಿಕೊಂಡು ಬರುವುದು ನನ್ನ ಅಭ್ಯಾಸ. ಒಂದು ದಿನ ಮೂವತ್ತೇಳು ಪಾಯಿಂಟ್ ಆರು ಬಂತು.

"ಸುಮಿಮಾಸೆನ್," ಅಂತ ಕಾವಲಿನವರು ಬಗ್ಗಿದರು.

"ನನಗೆ ಜ್ವರ ಇಲ್ಲ. ಸಿಟ್ಟು ಇದೆ," ಅಂದೆ.

ಆ ಮನುಷ್ಯ ಸಜ್ಜನ. ನೆರಳಿನಲ್ಲಿ ಕುರ್ಚಿ ಹಾಕಿ, ಹತ್ತು ನಿಮಿಷ ಕೂತು ಇಳಿಸಿಕೊಳ್ಳಿ ಅಂದರು. ಒಳಗೆ ತೊಟ್ಟಿಯಲ್ಲಿ ಎಂಟು ಮೀನು ನನಗಾಗಿ ಕಾಯುತ್ತಿದ್ದವು, ಮುನ್ನೂರಕ್ಕೆ ಇನ್ನೂ ಇನ್ನೂರು ಬಾಕಿ ಇತ್ತು, ನಾನು ಗೇಟಿನಲ್ಲಿ ಬೀಸಣಿಗೆ ಹಿಡಿದು ಕೂತಿದ್ದೆ. ಹತ್ತು ನಿಮಿಷ ಆದ ಮೇಲೆ ಮೂವತ್ತೇಳು ಪಾಯಿಂಟ್ ಎಂಟು.

"ಏರಿದೆ," ಅಂದರು ಅವರು ಗಾಬರಿಯಿಂದ.

"ಕೂರಿಸಿದರೆ ಏರದೆ ಇರುತ್ತದೆಯೇ?"

ಅವರು ತಣ್ಣಗಿನ ಬಾರ್ಲಿ ಚಹಾ ತಂದುಕೊಟ್ಟು, "ಯಾರ ಮೇಲೆ ಕೋಪ?" ಅಂತ ಮೆಲ್ಲಗೆ ಕೇಳಿದರು. ಆ ದೇಶದಲ್ಲಿ ನಾಲ್ಕು ವರ್ಷದಲ್ಲಿ ನನ್ನನ್ನು ಹಾಗೆ ಕೇಳಿದ ಮೊದಲ ಮನುಷ್ಯ. ಅಕ್ರಿಲಿಕ್ಕಿನಿಂದ ಶುರು ಮಾಡಿ ಎಲ್ಲ ಹೇಳಿದೆ, ನನ್ನ ಹರಕು ಜಪಾನೀಸಿನಲ್ಲಿ. ಹೇಳಿ ಮುಗಿಸಿದಾಗ ಮೂವತ್ತಾರು ಪಾಯಿಂಟ್ ಒಂಬತ್ತು. ಒಳಗೆ ಬಿಟ್ಟರು.

ಅಂದಿನಿಂದ ಅದೇ ಪದ್ಧತಿಯಾಯಿತು. ಮೊದಲು ಚಹಾ, ಆಮೇಲೆ ದೂರು, ಕೊನೆಗೆ ಯಂತ್ರ. ತಿಂಗಳ ಕೊನೆಗೆ ಅವರ ರಿಜಿಸ್ಟರನ್ನು ಇಣುಕಿ ನೋಡಿದೆ. ಎಲ್ಲರಿಗೂ ಹೆಸರು, ಸಮಯ, ಜ್ವರ ಅಂತ ಮೂರು ಕಾಲಂ. ನನ್ನೊಬ್ಬಳಿಗೆ ಸ್ಕೇಲಿನಲ್ಲಿ ಗೆರೆ ಎಳೆದು ನಾಲ್ಕನೆಯದು ಮಾಡಿದ್ದರು: ಇಂದಿನ ಕಾರಣ.

೪. ಅಜ್ಜನ ಕಣ್ಣು

ಅಕ್ಟೋಬರಿನಲ್ಲಿ ನೂರ ಎಪ್ಪತ್ತು ದಾಟಿ ಸ್ವಲ್ಪ ಉಸಿರಾಡಿದೆ. ಆಗ ಅಜ್ಜ ಕೆಡಿಸಿದರು.

ನಾನು ಟೇಪು ಸುತ್ತಿ, ಅಂಕಿ ಬರೆದು, ಗುಣಿಸಿ, ಭಾಗಿಸಿ, "ನಾಲ್ಕು ಕಿಲೋ ಇನ್ನೂರು" ಅನ್ನುವಷ್ಟರಲ್ಲಿ, ದೋಣಿಯ ಆ ಮೂಲೆಯಲ್ಲಿ ಬೀಡಿಯಂಥ ಸಣ್ಣ ಸಿಗರೇಟು ಸೇದುತ್ತ ಕೂತ ಅಜ್ಜ, "ನಾಲ್ಕು ಕಿಲೋ ನೂರಾ ಐವತ್ತು" ಅನ್ನುತ್ತಿದ್ದರು. ದಡದಲ್ಲಿ ತೂಗಿದರೆ ನಾಲ್ಕು ಕಿಲೋ ನೂರ ಅರವತ್ತು.

ಒಂದು ಸಲ ಆದರೆ ಅದೃಷ್ಟ ಅನ್ನಬಹುದು. ನಾಲ್ಕನೆಯ ಸಲವೂ ಹಾಗೇ ಆದಾಗ ನನಗೆ ಮೈ ಪರಚಿಕೊಳ್ಳುವ ಹಾಗಾಯಿತು. ಸಮುದ್ರದ ಮಧ್ಯೆ ನಿಂತು ನಾಲ್ಕು ವರ್ಷ ಹುಡುಕುತ್ತಿರುವ ಸಂಖ್ಯೆ ಈ ಮನುಷ್ಯನ ಕಣ್ಣಲ್ಲೇ ಇದೆ.

"ಹೇಗೆ ಹೇಳುತ್ತೀರಿ?" ಅಂತ ಕೇಳಿದೆ.

"ಮುಖ ನೋಡಿದರೆ ಗೊತ್ತಾಗುತ್ತೆ."

"ಮುಖಕ್ಕೂ ತೂಕಕ್ಕೂ ಸಂಬಂಧ ಇಲ್ಲ, ಓಜೀಸಾನ್."

"ಹೊಟ್ಟೆ ತುಂಬಿದವರ ಮುಖ ನಿಮ್ಮೂರಲ್ಲಿ ಬೇರೆ ಥರ ಇರುತ್ತಾ?"

ಛಲ ಹಿಡಿದು ಪಂದ್ಯ ಕಟ್ಟಿದೆ. ಮೂವತ್ತು ಮೀನು, ನನ್ನ ಸೂತ್ರ ಒಂದು ಕಡೆ, ಅವರ ಕಣ್ಣು ಇನ್ನೊಂದು ಕಡೆ. ತಂತ್ರಜ್ಞರು ತೀರ್ಪುಗಾರರು. ನಾನು ಪ್ರತಿ ಮೀನನ್ನೂ ಎರಡೆರಡು ಸಲ ಅಳೆದೆ. ಅಜ್ಜ ಹದಿನಾರರಲ್ಲಿ ಗೆದ್ದರು, ನಾನು ಹದಿನಾಲ್ಕರಲ್ಲಿ. ತಂತ್ರಜ್ಞರು ಆ ವರ್ಷದಲ್ಲಿ ಮೊದಲ ಬಾರಿಗೆ ತಾವಾಗಿಯೇ ಬಾಯಿ ತೆರೆದು, "ಬಹಳ ಹತ್ತಿರದ ಪಂದ್ಯ," ಅಂದರು. ಆ ಸಮಾಧಾನ ಕೇಳಿ ಇನ್ನಷ್ಟು ಉರಿಯಿತು.

ಆ ಪುಟವನ್ನು ಸೆನ್ಸೇಗೆ ತೋರಿಸಲಿಲ್ಲ. ಆದರೆ ಅಜ್ಜ ಸುಮ್ಮನಿರಲಿಲ್ಲ. ಮರುವಾರ ಸೆನ್ಸೇ ಬಂದಾಗ ಅವರ ಮುಂದೆ ಹೋಗಿ ನಿಂತು, ಟೋಪಿ ತೆಗೆದು, "ನನಗೂ ಡಾಕ್ಟರೇಟ್ ಕೊಡುತ್ತಾರಾ? ಕೊಡುವುದಾದರೆ ಮಾರ್ಚ್ ತಿಂಗಳು ಬೇಡ, ಆಗ ನನಗೆ ಮೇವಿನ ಕೆಲಸ ಜಾಸ್ತಿ," ಅಂದರು.

೫. ಫುನಾಬೊರಿಯ ಆ್ಯಪ್

ನನ್ನ ಸ್ನೇಹಿತೆಯ ಗಂಡ ಸಾಫ್ಟ್‌ವೇರಿನವರು. ಬೆಂಗಳೂರಿನ ಕಂಪನಿ ಟೋಕಿಯೋಗೆ ಕಳಿಸಿದೆ, ಫುನಾಬೊರಿಯ ಎರಡು ಕೋಣೆಯ ಮನೆಯಲ್ಲಿ ಕೂತು ಕೆಲಸ. ನಾನು ಪ್ರತಿ ದಿನ ಅವರ ಹೆಂಡತಿಯ ಹತ್ತಿರ ಕಾರುತ್ತಿದ್ದದ್ದು ಪಕ್ಕದ ಕೋಣೆಯಿಂದ ಅವರಿಗೆ ಕೇಳಿಸುತ್ತಿತ್ತಂತೆ. ಒಂದು ದಿನ ಅವರೇ ಫೋನ್ ತಗೊಂಡರು.

"ನೋಡಿ ಮೇಡಂ, ಇದು ಸಿಂಪಲ್ ಪ್ರಾಬ್ಲಮ್ಮು. ಟೇಪು ಗೀಪು ಯಾಕೆ? ಫೋಟೋ ತೆಗೀರಿ, ಆ್ಯಪ್ಪೇ ವೆಯ್ಟ್ ಹೇಳತ್ತೆ. ನಾನು ವೀಕೆಂಡಲ್ಲಿ ಮಾಡಿಕೊಡ್ತೀನಿ."

ನಿಜ ಹೇಳುತ್ತೇನೆ, ಆಸೆಯಾಯಿತು. ನವೆಂಬರ್ ಬಂದಿತ್ತು, ಸಮುದ್ರ ಒರಟಾಗಿತ್ತು, ಇನ್ನೂ ಅರವತ್ತೈದು ಮೀನು ಬಾಕಿ. ಫೋಟೋದಲ್ಲಿ ಉದ್ದ ಮತ್ತು ಸುತ್ತಳತೆ ಸಿಕ್ಕರೆ ದಿನಕ್ಕೆ ಇಪ್ಪತ್ತು ಮುಗಿಸಬಹುದು. ಇನ್ನೂರಕ್ಕೂ ಹೆಚ್ಚು ಮೀನಿನ ಅಳತೆಯನ್ನು ಅವರಿಗೆ ಕಳಿಸಿದೆ. ಮೂರು ವೀಕೆಂಡ್ ಕಳೆಯಿತು.

ಆ್ಯಪ್ ಸಿದ್ಧವಾದದ್ದನ್ನು ನನಗೆ ಹೇಳುವ ಬದಲು ಅವರು ತಿಂಗಳ ಕೊನೆಗೆ ನಡೆದ ಕನ್ನಡದವರ ಆನ್‌ಲೈನ್ ರಾಜ್ಯೋತ್ಸವದಲ್ಲಿ ಹೇಳಿದರು. ನಾಡಗೀತೆ ಆಯಿತು, ಮಕ್ಕಳ ಡ್ಯಾನ್ಸ್ ಆಯಿತು, ಆಮೇಲೆ, "ನಮ್ಮವರೇ ಒಬ್ಬರು ಫಿಶ್ ಸೈಂಟಿಸ್ಟ್ ಇದ್ದಾರೆ, ಅವರ ಸಲುವಾಗಿ ಒಂದು ಲೈವ್ ಡೆಮೋ," ಅಂದರು. ನಾನು ಪ್ರಯೋಗಶಾಲೆಯಲ್ಲಿ ಮೀನು ಹಿಡಿದು ನಿಂತಿದ್ದ ಒಂದು ಫೋಟೋ ಪರದೆಯ ತುಂಬ ಬಂತು. ಸುಮಾರು ನಲವತ್ತು ಮನೆಗಳು ನೋಡುತ್ತಿದ್ದವು. ಆ್ಯಪ್ ಚಕ್ರ ತಿರುಗಿಸಿ ತಿರುಗಿಸಿ ಕೊನೆಗೆ ತೋರಿಸಿತು: ಮೀನು ಪತ್ತೆಯಾಗಿದೆ, ತೂಕ ಎಪ್ಪತ್ತಮೂರು ಕಿಲೋ.

"ಸಕತ್ ಮೀನು ಮೇಡಂ," ಅಂದರು ಅವರು.

"ರೀ, ಅದು ನಾನು," ಅಂದೆ.

ಅವರ ಆರು ವರ್ಷದ ಮಗಳು ಜಪಾನಿನಲ್ಲೇ ಹುಟ್ಟಿದವಳು. ಕ್ಯಾಮೆರಾದ ಮುಂದೆ ತಲೆ ತೂರಿಸಿ, "ನೋ ಪಪ್ಪಾ. ಫಿಶ್ ಚಿಕ್ಕದು. ಆಂಟಿ ಓಕೀ," ಅಂದಳು. ಓಕೀ ಅಂದರೆ ದೊಡ್ಡದು. ನಲವತ್ತು ಮನೆಯವರಿಗೂ ಅಷ್ಟು ಜಪಾನೀಸ್ ಬರುತ್ತಿತ್ತು.

"ಬಿಡಮ್ಮ, ಮನೇಲೇ ಕೂತು ಎಲ್ಲರೂ ಹಾಗೇ ಆಗಿದೀವಿ," ಅಂತ ಯಾರೋ ಹಿರಿಯರು ಮ್ಯೂಟ್ ತೆಗೆದು ಸಮಾಧಾನ ಮಾಡಿದರು. ನಾನು ಲ್ಯಾಪ್‌ಟಾಪ್ ಮುಚ್ಚಿದೆ. ಮರುದಿನ ಫೋನಿನಲ್ಲಿ ಆ ಮನುಷ್ಯನಿಗೆ ನಾಲ್ಕು ವರ್ಷದ ಬೈಗುಳವನ್ನೆಲ್ಲ ಒಟ್ಟಿಗೆ ಬೈದೆ, ಆ್ಯಪ್ ಶುದ್ಧ ದಂಡ ಅಂದೆ, ತೂಕ ಪೂರಾ ತಪ್ಪು ಅಂದೆ. ಮೂರು ವೀಕೆಂಡ್ ಹಾಳಾಗಿದ್ದಕ್ಕೆ ಅಷ್ಟು ಹೇಳುವ ಹಕ್ಕು ನನಗಿತ್ತು.

ಆಮೇಲೆ ಕೇಂದ್ರಕ್ಕೆ ಹೋಗಿ, ಯಾರೂ ಇಲ್ಲದಾಗ ಮೀನು ತೂಗುವ ತಕ್ಕಡಿಯ ಮೇಲೆ ಹತ್ತಿ ನಿಂತೆ. ಫೋಟೋದಲ್ಲಿದ್ದ ಮೀನಿನ ನಾಲ್ಕು ಕಿಲೋ ಕಳೆದರೆ ಆ್ಯಪ್ ಹೇಳಿದ್ದು ಒಂದು ಕಿಲೋ ಕೂಡ ಆಚೀಚೆ ಇರಲಿಲ್ಲ.

೬. ಹಾಜರು ಪರೀಕ್ಷೆ

ಜನವರಿಯಲ್ಲಿ ಮುನ್ನೂರನೆಯ ಮೀನನ್ನು ತೂಗಿ ಬಿಟ್ಟೆ. ಸಂಖ್ಯೆ ಸಿಕ್ಕಿತು: ಮೂವತ್ತು ಸಾವಿರ. ಸುತ್ತಳತೆಯ ವರ್ಗವನ್ನು ಉದ್ದದಿಂದ ಗುಣಿಸಿ ಮೂವತ್ತು ಸಾವಿರದಿಂದ ಭಾಗಿಸಿದರೆ ಆ ಪಂಜರಗಳ ಮೀನಿನ ತೂಕ ಕಿಲೋ ಲೆಕ್ಕದಲ್ಲಿ ಬರುತ್ತದೆ. ಥೀಸಿಸ್ ಬರೆದು ಕೊಟ್ಟೆ. ಫೆಬ್ರವರಿ ಕೊನೆಗೆ ಮೌಖಿಕ ಪರೀಕ್ಷೆ, ಆನ್‌ಲೈನಿನಲ್ಲಿ.

ಹೊರಗಿನ ಪರೀಕ್ಷಕರು ಕ್ಯೋಟೋದವರು. ಮೊದಲಿನಿಂದಲೂ ನನ್ನ ಟೇಪಿನ ಮೇಲೆ ಅವರಿಗೆ ನಂಬಿಕೆಯಿರಲಿಲ್ಲ. ಪರೀಕ್ಷೆಗೆ ವಾರ ಇರುವಾಗ ಅವರ ಪತ್ರ ಬಂತು: ಕ್ಯಾಮೆರಾದ ಮುಂದೆಯೇ ಒಂದು ಮೀನನ್ನು ಅಳೆದು, ತೂಕ ಹೇಳಿ, ಆಮೇಲೆ ತೂಗಿ ತೋರಿಸಿ. ಮೀನನ್ನು ನೀವು ಆರಿಸುವುದು ಬೇಡ. ಪಂಜರದ ಮಾಲೀಕರೇ ಆರಿಸಿ ತಂದುಕೊಡಲಿ.

ನನ್ನ ಮೇಲೆ ಅನುಮಾನ. ಮುನ್ನೂರು ಮೀನಿನ ಬಾಲದ ಏಟು ತಿಂದವಳ ಮೇಲೆ. ಆ ಪತ್ರ ಓದಿ ಕೇಂದ್ರದ ಬಾಗಿಲನ್ನು ಎಷ್ಟು ಜೋರಾಗಿ ಬಡಿದೆನೆಂದರೆ ತಂತ್ರಜ್ಞರು ಹೊರಗೆ ಬಂದು ಬಾಗಿಲಿಗೇ ಕ್ಷಮೆ ಕೇಳಿದರು.

ಅಜ್ಜನಿಗೆ ವಿಷಯ ತಿಳಿಸಲು ಹೋದೆ. "ಓಜೀಸಾನ್, ಪರೀಕ್ಷೆಯ ದಿನ ಒಂದು ಮೀನು ತಂದುಕೊಡಬೇಕು. ಅದನ್ನು ಪರೀಕ್ಷಕರ ಮುಂದೆ ತೂಗುತ್ತೇವೆ. ಅದರ ಮೇಲೆ ನನ್ನ ಪಾಸು ಫೇಲು ನಿಂತಿದೆ. ಫೇಲಾದರೆ ಈ ತಿಂಗಳು ಬಿಟ್ಟು ಮುಂದಿನ ತಿಂಗಳು ನಾನು ಊರಿಗೆ. ಮತ್ತೆ ಒಳಗೆ ಬಿಡುವುದಿಲ್ಲ."

ಅವರು ಸಿಗರೇಟು ಆರಿಸಿ, "ತೂಗುತ್ತಾರಾ?" ಅಂತ ಕೇಳಿದರು.

"ತೂಗುತ್ತಾರೆ."

"ಹೂಂ," ಅಂದರು. "ಚಿಂತೆ ಮಾಡಬೇಡ ಇಂದೋ-ಸಾನ್."

ಪರೀಕ್ಷೆಯ ಬೆಳಗ್ಗೆ ಅಜ್ಜ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಆಗಷ್ಟೇ ಕೊಂದ ಮೀನು ತಂದಿಟ್ಟು ಹೋದರು. ಮೂವರು ಪರೀಕ್ಷಕರ ಮುಖ ಪರದೆಯ ಮೇಲೆ, ಸೆನ್ಸೇ ನಾಲ್ಕನೆಯವರು. ತಂತ್ರಜ್ಞರು ಕ್ಯಾಮೆರಾ ಹಿಡಿದರು. ನಾನು ಮೀನನ್ನು ಹಲಗೆಯ ಮೇಲೆ ಮಲಗಿಸಿದೆ. ಉದ್ದ ಎಪ್ಪತ್ತೈದು ಸೆಂಟಿಮೀಟರ್. ಸುತ್ತಳತೆ ನಲವತ್ತೈದು. ಬರೆದು ತೋರಿಸಿ ಹೇಳಿದೆ, "ಐದು ಕಿಲೋ ಅರವತ್ತು ಗ್ರಾಂ."

"ತೂಗಿ," ಅಂದರು ಕ್ಯೋಟೋದವರು.

ತೂಗಿದೆ. ಆರು ಕಿಲೋ ಮುನ್ನೂರು ಗ್ರಾಂ.

ಮತ್ತೆ ಅಳೆದೆ, ಅದೇ ಎಪ್ಪತ್ತೈದು, ಅದೇ ನಲವತ್ತೈದು. ತಕ್ಕಡಿಗೆ ಐದು ಕಿಲೋದ ಬಟ್ಟು ಇಟ್ಟು ನೋಡಿದೆ, ತಕ್ಕಡಿ ಸರಿಯಾಗಿತ್ತು. ಕ್ಯೋಟೋದವರು ಮೃದುವಾಗಿ, "ಒಂದು ಕಿಲೋಗೂ ಹೆಚ್ಚು ವ್ಯತ್ಯಾಸ. ಇದನ್ನು ಅಂದಾಜು ಅನ್ನಲಾಗುವುದಿಲ್ಲ," ಅಂದರು. ಸೆನ್ಸೇ ತಲೆ ತಗ್ಗಿಸಿದರು. ಅವರು ಸುಮಿಮಾಸೆನ್ ಅನ್ನಲು ಬಾಯಿ ತೆರೆಯುತ್ತಿರುವುದು ಪರದೆಯಲ್ಲಿ ಕಾಣಿಸಿತು. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ.

"ಕ್ಷಮೆ ಕೇಳಬೇಡಿ ಸೆನ್ಸೇ," ಅಂದೆ. ದನಿ ಎಷ್ಟು ಜೋರಾಗಿತ್ತೆಂದರೆ ಒಬ್ಬ ಪರೀಕ್ಷಕರು ಇಯರ್‌ಫೋನ್ ತೆಗೆದರು. "ಮುನ್ನೂರು ಮೀನು ಅಳೆದಿದ್ದೇನೆ. ನನ್ನ ಸೂತ್ರ ತಪ್ಪಿಲ್ಲ. ಈ ಮೀನೇ ತಪ್ಪು."

"ಮೀನು ಹೇಗೆ ತಪ್ಪಾಗುತ್ತದೆ?" ಅಂದರು ಕ್ಯೋಟೋದವರು.

ನನಗೂ ಗೊತ್ತಿರಲಿಲ್ಲ. ಸಿಟ್ಟಿನಲ್ಲಿ ಚಾಕು ತೆಗೆದುಕೊಂಡು, "ಏನ್ ತಿಂದು ಸತ್ತೆಯೋ ನೀನು," ಅಂತ ಕನ್ನಡದಲ್ಲಿ ಬೈದು, ಹೊಟ್ಟೆ ಸೀಳಿದೆ. ಕರುಳಿನ ಜೊತೆ ಏನೋ ಜಾರಿ ಸ್ಟೀಲ್ ತಟ್ಟೆಗೆ ಠಣ್ ಅಂತ ಬಿತ್ತು. ಸೀಸದ ಗುಂಡು. ಗಾಳದ ದಾರ ಮುಳುಗಲು ಕಟ್ಟುತ್ತಾರಲ್ಲ, ಅದು. ಇನ್ನೊಂದು ಠಣ್. ಮತ್ತೊಂದು. ತಂತ್ರಜ್ಞರು ಕ್ಯಾಮೆರಾ ಹತ್ತಿರ ತಂದು ಗಟ್ಟಿಯಾಗಿ ಎಣಿಸತೊಡಗಿದರು. ಒಟ್ಟು ಹತ್ತು, ಒಂದೊಂದೂ ನೂರಿಪ್ಪತ್ತು ಗ್ರಾಂ. ಅವನ್ನು ಪಕ್ಕಕ್ಕಿಟ್ಟು ಕರುಳು ಸಮೇತ ಮೀನನ್ನು ಮತ್ತೆ ತೂಗಿದೆ. ಐದು ಕಿಲೋ ನೂರು ಗ್ರಾಂ. ನನ್ನ ಲೆಕ್ಕಕ್ಕೂ ಅದಕ್ಕೂ ನಲವತ್ತು ಗ್ರಾಂ ವ್ಯತ್ಯಾಸ.

ಕ್ಯೋಟೋದವರು ಕನ್ನಡಕ ತೆಗೆದರು. ಮ್ಯೂಟ್ ಮಾಡಿಕೊಂಡರು. ದನಿಯಿಲ್ಲದೆ ಅವರ ಭುಜಗಳು ಎರಡು ನಿಮಿಷ ಕುಣಿದವು. ಆಮೇಲೆ ಮ್ಯೂಟ್ ತೆಗೆದು, ಕಣ್ಣು ಒರೆಸಿಕೊಂಡು, ಗಂಭೀರವಾಗಿ ಹೇಳಿದರು, "ಮೀನಿನಲ್ಲಿ ಮೋಸವಿದ್ದರೆ ಅದನ್ನೂ ಹಿಡಿಯುವ ಸೂತ್ರ. ಇದನ್ನು ಥೀಸಿಸ್‌ನಲ್ಲಿ ಏಕೆ ಬರೆದಿಲ್ಲ?" ಪಾಸು ಮಾಡಿದರು. ಎರಡು ವಾರದೊಳಗೆ ಇನ್ನೊಂದು ಅಧ್ಯಾಯ ಸೇರಿಸಬೇಕು ಅಂತ ಷರತ್ತು ಹಾಕಿದರು.

ನಾನು ಏಪ್ರನ್ ಕೂಡ ಬಿಚ್ಚದೆ ಬಂದರಿಗೆ ಓಡಿದೆ, ಹತ್ತು ಗುಂಡನ್ನೂ ಕೈಯಲ್ಲಿ ಹಿಡಿದುಕೊಂಡು. ಒಂದು ವರ್ಷದ ಸಿಟ್ಟು ಗಂಟಲವರೆಗೆ ಬಂದಿತ್ತು, ಕೊನೆಗೂ ಬೈಯ್ಯಲು ಒಬ್ಬ ಮನುಷ್ಯ ಸಿಕ್ಕಿದ್ದ. ಅಜ್ಜ ಬಲೆ ಹೊಲಿಯುತ್ತ ಕೂತಿದ್ದರು.

"ಓಜೀಸಾನ್, ಏನು ಮಾಡಿಬಿಟ್ಟಿರಿ ನೀವು?"

ಅವರು ಗುಂಡುಗಳನ್ನು ನೋಡಿದರು, ನನ್ನ ಮುಖ ನೋಡಿದರು. ಬಗ್ಗಲೂ ಇಲ್ಲ, ಕ್ಷಮೆಯನ್ನೂ ಕೇಳಲಿಲ್ಲ. "ನಮ್ಮೂರಿನ ಮೀನಿನ ಪಂದ್ಯದಲ್ಲಿ ಯಾವುದು ಭಾರವೋ ಅದೇ ಗೆಲ್ಲೋದು," ಅಂದರು. "ನೀನು ಹೋದರೆ ಮತ್ತೆ ಬಿಡಲ್ಲ ಅಂದೆಯಲ್ಲ. ಅದಕ್ಕೆ ಸ್ವಲ್ಪ ಸಹಾಯ."

ಬೈಯುವುದು ಬಿಟ್ಟು ಗುಂಡುಗಳನ್ನು ಬಲೆಯ ಪಕ್ಕ ಇಟ್ಟೆ. ಕಣ್ಣಲ್ಲಿ ನೀರು ಬಂತು. ಅದಕ್ಕೂ ಸಿಟ್ಟು ಬಂತು.

"ಪಾಸೋ, ಫೇಲೋ?" ಅಂತ ಕೇಳಿದರು.

"ಪಾಸು."

ಅಜ್ಜ ಬಲೆಯನ್ನು ಪಕ್ಕಕ್ಕಿಟ್ಟು, ಮನೆಯ ಕಡೆ ತಿರುಗಿ, ಒಳಗಿದ್ದ ಹೆಂಡತಿಗೆ ಕೇಳುವಂತೆ ಗೆದ್ದವರ ಹಾಗೆ ಕೂಗಿದರು, "ಕೇಳಿಸಿತೇನೇ? ಪಾಸಂತೆ. ನೀನು ಎಂಟು ಗುಂಡು ಸಾಕು ಅಂತಿದ್ದೆ."